ದಾನ, ಅಗತ್ಯ, ಹಕ್ಕು: ಹಳ್ಳಿ ಕೆಲಸಕ್ಕೆ ಇಳಿಯುವ ಮುಂಚೆ ಯಾವ ದಾರಿ ಹಿಡಿಯಬೇಕು?

ಫೆಬ್ರವರಿ, ಮಾರ್ಚ್ ಬಂತೆಂದರೆ ನನಗೆ ಒಂದೇ ಬಗೆಯ ಫೋನ್ ಕರೆಗಳು ಬರುತ್ತವೆ. "ಮೇಡಂ, ನಮ್ಮ ಹತ್ರ ಸ್ವಲ್ಪ ದುಡ್ಡಿದೆ. ವರ್ಷ ಮುಗಿಯೋದ್ರೊಳಗೆ ಖರ್ಚಾಗಬೇಕು. ಮಂಡ್ಯ ಕಡೆ ಯಾವುದಾದ್ರೂ ಹಳ್ಳಿಗೆ ಏನಾದ್ರೂ ಮಾಡೋಣ." ಕೇಳುವವರು ಮೈಸೂರಿನ ಕಂಪನಿಯವರಿರಬಹುದು. ಮದ್ದೂರಿನ ಯುವಕರ ಸಂಘವಿರಬಹುದು. ಬೆಂಗಳೂರು ಸೇರಿದ ಮಗನೊಬ್ಬ ತೀರಿಹೋದ ಅಪ್ಪನ ಹೆಸರಲ್ಲಿ ಊರಿಗೆ ಏನಾದರೂ ಮಾಡಬೇಕೆಂದು ಕೇಳಬಹುದು. ಎಲ್ಲರ ಮನಸ್ಸೂ ಒಳ್ಳೆಯದೇ. ಆದರೂ ಆ 'ಏನಾದ್ರೂ' ಅನ್ನುವ ಮಾತಿನ ಹತ್ತಿರ ನಾನು ಅವರನ್ನು ನಿಲ್ಲಿಸುತ್ತೇನೆ. ಅದೇ ಊರು, ಅಷ್ಟೇ ದುಡ್ಡು ಇದ್ದರೂ ಕೆಲಸ ಮಾಡುವ ದಾರಿಗಳು ಮೂರಿವೆ. ಐದು ವರ್ಷ ಬಿಟ್ಟು ಹೋಗಿ ನೋಡಿದಾಗ ಅಲ್ಲಿ ಏನು ಉಳಿದಿರುತ್ತದೆ ಅನ್ನುವುದು, ಹಿಡಿದ ದಾರಿಯ ಮೇಲೆ ನಿಂತಿರುತ್ತದೆ.

ಆ ಮೂರನ್ನು ನಾನು ದಾನದ ದಾರಿ, ಅಗತ್ಯದ ದಾರಿ, ಹಕ್ಕಿನ ದಾರಿ ಎಂದು ಕರೆಯುತ್ತೇನೆ. ದಾನದ ದಾರಿಯಲ್ಲಿ ಹೋಗುವವರು "ನಾನು ಏನು ಕೊಡಲಿ?" ಎಂದು ಕೇಳುತ್ತಾರೆ. ಅಗತ್ಯದ ದಾರಿಯವರು "ಈ ಊರಲ್ಲಿ ಯಾವುದಕ್ಕೆ ಕೊರತೆ ಇದೆ?" ಎಂದು ಕೇಳಿ, ಪಟ್ಟಿ ಮಾಡಿ, ತುಂಬಲು ಹೊರಡುತ್ತಾರೆ. ಹಕ್ಕಿನ ದಾರಿಯವರ ಪ್ರಶ್ನೆ ಸ್ವಲ್ಪ ಉದ್ದ. ಇವರಿಗೆ ಸೇರಬೇಕಾದ್ದು ಏನು? ಅದನ್ನು ತಲುಪಿಸಬೇಕಾದವರು ಯಾರು? ಇಷ್ಟು ದಿನ ಯಾಕೆ ತಲುಪಿಲ್ಲ?

ಮೂರೂ ದಾರಿಗಳಲ್ಲಿ ನಾನು ನಡೆದಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ನೀರಿನ ಘಟಕದ ಕಥೆ

ಮಳವಳ್ಳಿ ಕಡೆಯ ಒಂದು ಹಳ್ಳಿ. ಬೆಂಗಳೂರಿಗೆ ಹೋಗುವ ಕಾವೇರಿ ನೀರು ಇದೇ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ಮೇಲೆ ಹತ್ತುತ್ತದೆ. ಆದರೆ ನಾನು ಹೇಳುವ ಊರಿನ ದಲಿತರ ಕಾಲೊನಿಯಲ್ಲಿ ಆಗ ಎರಡು ದಿನಕ್ಕೊಮ್ಮೆ ಬೋರ್‌ವೆಲ್ ನೀರು ಬರುತ್ತಿತ್ತು. ಅದೂ ಗಡುಸು ನೀರು. ಬೇಳೆ ಬೇಯುತ್ತಿರಲಿಲ್ಲ.

ನಾವು ಹೋಗಿ ಸರ್ವೆ ಮಾಡಿದೆವು. ಊರಿಗೆ ಒಳ್ಳೆಯ ಕುಡಿಯುವ ನೀರಿನ ಕೊರತೆ ಇದೆ ಎಂದು ಬರೆದುಕೊಂಡೆವು. ಒಬ್ಬ ದಾನಿಯನ್ನು ಹುಡುಕಿ ಶುದ್ಧ ನೀರಿನ ಘಟಕ ಹಾಕಿಸಿದೆವು. ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುವಂಥದ್ದು. ಜಾಗ ಬೇಕಿತ್ತು. ಊರಿನ ಯಜಮಾನರು ಮಾರಿಗುಡಿ ಪಕ್ಕದಲ್ಲಿ ಕೊಟ್ಟರು. ಟೇಪ್ ಕತ್ತರಿಸಿ, ಫೋಟೊ ತೆಗೆಸಿ, ಸಿಹಿ ಹಂಚಿ ಬಂದೆವು.

ಆರು ತಿಂಗಳು ಬಿಟ್ಟು ಹೋದಾಗ ಕಾಲೊನಿಯ ಹೆಂಗಸರು ಇನ್ನೂ ಅದೇ ಗಡುಸು ನೀರು ಕುಡಿಯುತ್ತಿದ್ದರು. ಮಾರಿಗುಡಿ ಹತ್ತಿರ ಅವರು ಮೊದಲು ಕ್ಯಾನ್ ಇಡುವಂತಿರಲಿಲ್ಲ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮೇಲಿನ ಬೀದಿಯವರೆಲ್ಲ ಹಿಡಿದುಕೊಂಡು ಹೋಗುವ ತನಕ ಪಕ್ಕದಲ್ಲಿ ನಿಲ್ಲಬೇಕಿತ್ತು, ಅಷ್ಟೆ. ಕೂಲಿಗೆ ಹೋಗುವವರಿಗೆ ಅಷ್ಟು ಹೊತ್ತು ಎಲ್ಲಿರುತ್ತದೆ? ಒಂದೂವರೆ ವರ್ಷದಲ್ಲಿ ಘಟಕದ ನೀರು ಸೋಸುವ ಮೆಂಬ್ರೇನ್ ಕೆಟ್ಟಿತು. ರಿಪೇರಿ ಯಾರದ್ದು ಅನ್ನುವುದು ಎಲ್ಲೂ ಬರೆದಿರಲಿಲ್ಲ. ಪಂಚಾಯಿತಿಯವರು "ಅದು ಸಂಸ್ಥೆಯವರು ಹಾಕಿದ್ದು" ಎಂದರು. ದಾನಿಯವರು "ನಮ್ಮ ಕೆಲಸ ಮುಗಿದಿದೆ" ಎಂದರು. ನಮ್ಮ ಹತ್ತಿರ ದುಡ್ಡಿರಲಿಲ್ಲ. ಘಟಕಕ್ಕೆ ಬೀಗ ಬಿತ್ತು.

ನಮ್ಮ ಪಟ್ಟಿ ಸುಳ್ಳಾಗಿರಲಿಲ್ಲ. ಊರಿಗೆ ನೀರಿನ ಕೊರತೆ ಇದ್ದದ್ದು ನಿಜ. ಆದರೆ 'ಊರಿಗೆ' ಎಂದು ಬರೆದಾಗಲೇ ತಪ್ಪಿದೆವು. ಕೊರತೆ ಎಲ್ಲರಿಗೂ ಒಂದೇ ತೂಕದಲ್ಲಿ ಇರಲಿಲ್ಲ. ನೀರು ಬಿಡುವ ವಾಲ್ವ್ ಯಾರ ಕೈಯಲ್ಲಿದೆ, ಪೈಪು ಯಾವ ಬೀದಿಗೆ ನಿಂತಿದೆ, ಪಂಚಾಯಿತಿ ಕ್ರಿಯಾ ಯೋಜನೆಯಲ್ಲಿ ಕಾಲೊನಿಯ ಹೆಸರು ಎಷ್ಟು ವರ್ಷದಿಂದ ಬಂದಿಲ್ಲ. ಇದನ್ನು ನಾವು ಕೇಳಿರಲೇ ಇಲ್ಲ.

ಎರಡನೇ ಸಲ ಹೋದಾಗ ಸಾಮಾನು ಏನನ್ನೂ ಒಯ್ಯಲಿಲ್ಲ. ಕಾಲೊನಿಯ ಸ್ತ್ರೀಶಕ್ತಿ ಸಂಘದವರ ಜೊತೆ ವಾರಕ್ಕೊಂದು ಸಂಜೆ ಕೂತೆವು. ಮನೆ ಮನೆಗೆ ನಲ್ಲಿ ಕೊಡುವ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಲೆಕ್ಕ ಎಂದು ಗೊತ್ತಾದಾಗ ಅವರು ತಮ್ಮ ಕೊಡಗಳನ್ನು ಎಣಿಸಿದರು. ಒಂದು ಮನೆಯಲ್ಲಿ ಐದು ಜನ. ಬರುತ್ತಿದ್ದದ್ದು ಎಂಟು ಕೊಡ, ಅದೂ ಎರಡು ದಿನಕ್ಕೆ. ಲೆಕ್ಕ ಕೈಗೆ ಬಂದ ಮೇಲೆ ಮಾತಿನ ದನಿ ಬದಲಾಯಿತು. ಪಂಚಾಯಿತಿಗೆ ಅರ್ಜಿ ಕೊಟ್ಟರು, ಸ್ವೀಕೃತಿ ತೆಗೆದುಕೊಂಡರು. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಪೈಪ್‌ಲೈನಿನ ಅಂದಾಜು ಪಟ್ಟಿ ಕೇಳಿದರು. ಗ್ರಾಮಸಭೆಗೆ ಒಟ್ಟಿಗೆ ಹೋದರು.

ಆ ಸಂಘದಲ್ಲಿ ಒಬ್ಬ ಅಜ್ಜಿ ಇದ್ದರು. ಮೊದಲ ಸಲ ಪಂಚಾಯಿತಿ ಬಾಗಿಲಲ್ಲಿ ನಿಂತಾಗ ಕೈಮುಗಿದು "ಬುದ್ಧಿ, ನಮ್ ಕಡೀಕೂ ಒಂದ್ ನಲ್ಲಿ ಹಾಕ್ಸ್‌ಕೊಡಿ" ಅಂದಿದ್ದರು. ನಮ್ಮ ಸೀಮೆಯಲ್ಲಿ ಆ 'ಬುದ್ಧಿ' ಅನ್ನುವ ಮಾತನ್ನು ಯಾರು ಯಾರಿಗೆ ಹೇಳುತ್ತಾ ಬಂದಿದ್ದಾರೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಎಂಟು ತಿಂಗಳಾದ ಮೇಲೆ ಅದೇ ಅಜ್ಜಿ ಅದೇ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತು, "ಎಲ್ಲಿ ಸಾರ್, ನಮ್ಮ ಅರ್ಜಿಗೆ ಹಿಂಬರಹ?" ಎಂದು ಕೇಳಿದರು. ಆಗ ಪೈಪು ಇನ್ನೂ ಬಂದಿರಲಿಲ್ಲ. ನನ್ನ ಮಟ್ಟಿಗೆ ಅರ್ಧ ಕೆಲಸ ಆವತ್ತೇ ಆಗಿತ್ತು.

ಪೈಪು ಬರಲು ಒಟ್ಟು ಹದಿನಾಲ್ಕು ತಿಂಗಳು ಹಿಡಿಯಿತು. ಘಟಕ ಹಾಕಲು ಮೂರು ವಾರ ಸಾಕಾಗಿತ್ತು. ಹೋಲಿಸುವಾಗ ಇದನ್ನೂ ತಕ್ಕಡಿಗೆ ಹಾಕಬೇಕು. ಮುಚ್ಚಿಡಬಾರದು.

ಬಿನ್ನಹ ಮತ್ತು ಹಕ್ಕು

ಈ ವ್ಯತ್ಯಾಸ ನಮ್ಮ ಊರಿಗೆ ಹೊಸದಲ್ಲ. 1881ರಲ್ಲಿ ದಿವಾನ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ದಸರೆ ಹೊತ್ತಿನಲ್ಲಿ ಸೇರುತ್ತಿತ್ತು. ಊರೂರಿನಿಂದ ಬಂದವರು ಕೆರೆ, ರಸ್ತೆ, ಕಂದಾಯದ ಕಷ್ಟ ಹೇಳಿಕೊಳ್ಳಬಹುದಿತ್ತು. ಆ ಕಾಲಕ್ಕೆ ಅದು ದೊಡ್ಡ ಮಾತೇ. ಆದರೆ ಅವರು ಹೇಳಿದ್ದಕ್ಕೆ ಕಾನೂನಿನ ಬಲ ಇರಲಿಲ್ಲ. ಬಿನ್ನಹ ಮಾಡಿ ಬರಬೇಕಿತ್ತು. 1923ರಲ್ಲಿ ಸಭೆಗೆ ಶಾಸನದ ಆಧಾರ ಸಿಕ್ಕಿತು. ಹೊಸ ತೆರಿಗೆ ಹಾಕುವ ಮುಂಚೆ ಸಭೆಯನ್ನು ಕೇಳಬೇಕೆಂದಾಯಿತು. ಸೇರುತ್ತಿದ್ದದ್ದು ಅದೇ ಸಭೆ. ಆದರೆ ಸರ್ಕಾರ ಅದಕ್ಕೆ ಕಿವಿಗೊಡುವುದು ಕೃಪೆಯಿಂದ ಕರ್ತವ್ಯಕ್ಕೆ ಬಂತು.

ಅಭಿವೃದ್ಧಿ ಕೆಲಸದಲ್ಲಿ ಹಕ್ಕಿನ ದಾರಿ ಎಂದರೂ ಇದೇ. ಒಂದು ಕಡೆ ಹಕ್ಕುದಾರರು, ಇನ್ನೊಂದು ಕಡೆ ಹೊಣೆಗಾರರು. ನಮ್ಮಂಥ ಸಂಸ್ಥೆಗಳ ಕೆಲಸ ಇಬ್ಬರ ನಡುವೆ. ಹಕ್ಕುದಾರರಿಗೆ ಕೇಳುವ ಶಕ್ತಿ ಬರಬೇಕು. ಹೊಣೆಗಾರರಿಗೆ ಕೊಡುವ ಶಕ್ತಿಯೂ ಬರಬೇಕು. ಎರಡನೆಯದನ್ನು ಜನ ಮರೆಯುತ್ತಾರೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಬ್ಬರು, ನಾಲ್ಕಾರು ಹಳ್ಳಿ, ಕಂಪ್ಯೂಟರ್ ಮುಂದೆ ಕೂತರೆ ಸರ್ವರ್ ಇಲ್ಲ. ಅವರ ಮೇಲೆ ಸುಮ್ನೆ ಕೂಗಾಡಿದರೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಅಂದಾಜು ಪಟ್ಟಿ ಮಾಡಿಸಲು ಎಂಜಿನಿಯರ್ ಸಿಗದೆ ಅವರೂ ಒದ್ದಾಡುತ್ತಿದ್ದರೆ, ಆ ಕೆಲಸಕ್ಕೆ ಕೈಜೋಡಿಸುವುದೂ ಹಕ್ಕಿನ ದಾರಿಯ ಕೆಲಸವೇ.

ಇದರ ತತ್ವಗಳು ಎಲ್ಲಿಂದ ಬಂದವು ಎಂದು ಕೇಳುವವರಿಗೆ ಚಿಕ್ಕದಾಗಿ ಹೇಳುತ್ತೇನೆ. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆ ಹೊರಡಿಸಿತು. ಅದರ ಮೊದಲ ವಿಧಿಯ ಕರಡಿನಲ್ಲಿ ಇದ್ದದ್ದು 'ಎಲ್ಲ ಪುರುಷರೂ' ಎಂದು ಅರ್ಥ ಬರುವ ಪದ. ಅದನ್ನು 'ಎಲ್ಲ ಮನುಷ್ಯರೂ' ಎಂದು ತಿದ್ದಿಸಿದವರು ನಮ್ಮ ದೇಶದ ಹಂಸಾ ಮೆಹ್ತಾ. ಈ ಸಂಗತಿಯನ್ನು ಸಂಘದ ಸಭೆಗಳಲ್ಲಿ ಹೇಳುವುದೆಂದರೆ ನನಗೆ ಬಹಳ ಇಷ್ಟ. 1966ರಲ್ಲಿ ಎರಡು ದೊಡ್ಡ ಒಪ್ಪಂದಗಳು ಬಂದವು. ಒಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳದು, ಇನ್ನೊಂದು ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳದು. ಭಾರತ ಎರಡನ್ನೂ 1979ರಲ್ಲಿ ಒಪ್ಪಿಕೊಂಡಿತು. 1986ರಲ್ಲಿ ಅಭಿವೃದ್ಧಿಯೇ ಒಂದು ಹಕ್ಕು ಎಂಬ ಘೋಷಣೆ ಬಂತು. 2003ರಲ್ಲಿ ವಿಶ್ವಸಂಸ್ಥೆಯ ಬೇರೆ ಬೇರೆ ಅಂಗಗಳು ಕೂತು, ಅಭಿವೃದ್ಧಿ ಕೆಲಸವನ್ನು ಹಕ್ಕಿನ ನೆಲೆಯಲ್ಲಿ ಮಾಡುವುದೆಂದರೆ ಏನು ಅನ್ನುವುದಕ್ಕೆ ಒಂದು ಸಮಾನ ತಿಳಿವಳಿಕೆಗೆ ಬಂದವು.

ಅದರ ಸಾರವನ್ನು ಹಳ್ಳಿ ಮಾತಿಗೆ ಇಳಿಸಿದರೆ ಹೀಗಿರುತ್ತದೆ. ತೀರ್ಮಾನ ಆಗುವ ಜಾಗದಲ್ಲಿ ಜನ ಇರಬೇಕು. ತೀರಾ ಹಿಂದೆ ಉಳಿದವರನ್ನು ಮೊದಲು ನೋಡಬೇಕು. ಮಾಡದೆ ಹೋದರೆ ಉತ್ತರ ಹೇಳುವವರು ಇರಬೇಕು. ಕೆಲಸಕ್ಕೆ ಕಾನೂನಿನ ಆಧಾರ ಇರಬೇಕು. ಮುಗಿದ ಮೇಲೆ ಜನರ ಕೈ ಮುಂಚಿಗಿಂತ ಬಲವಾಗಿರಬೇಕು.

ಕಾಯ್ದೆಯೋ, ಯೋಜನೆಯೋ?

ದಾರಿ ಆರಿಸುವ ಮುಂಚೆ ಮೊದಲು ನೋಡಬೇಕಾದ್ದು ಇದು. ಜನರಿಗೆ ಸಿಗಬೇಕಾದ ವಸ್ತು ಕಾಯ್ದೆಯಲ್ಲಿದೆಯೋ, ಬರೀ ಸರ್ಕಾರದ ಆದೇಶದಲ್ಲಿದೆಯೋ? ಇಲ್ಲಿ ಗೊಂದಲ ಮಾಡಿಕೊಂಡವರು ಜಾಸ್ತಿ.

ರೇಷನ್ ಅಕ್ಕಿಯನ್ನೇ ತೆಗೆದುಕೊಳ್ಳಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ಒಬ್ಬೊಬ್ಬರಿಗೆ ತಿಂಗಳಿಗೆ ಐದು ಕೆಜಿ ಧಾನ್ಯ ಸಿಗಲೇಬೇಕು. ಅನ್ನಭಾಗ್ಯದಲ್ಲಿ ರಾಜ್ಯ ಅದರ ಮೇಲೆ ಸೇರಿಸಿ ಕೊಡುವುದು ಯೋಜನೆ. ಪಡೆಯುವವರಿಗೆ ಎರಡೂ ಒಂದೇ ಅಂಗಡಿಯ ರೇಷನ್. ಆದರೆ ಮೊದಲ ಐದು ಕೆಜಿ ತಪ್ಪಿದರೆ ನಿಲ್ಲುವ ನೆಲ ಗಟ್ಟಿ. ಎರಡನೆಯದನ್ನು ಸರ್ಕಾರ ನಾಳೆ ಬದಲಿಸಬಹುದು. ಗೃಹಲಕ್ಷ್ಮಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಶುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಕೈಗೆ ಅವರದೇ ಅನ್ನುವ ದುಡ್ಡು ಬಂದದ್ದು ಇದರಿಂದ. ಆದರೂ ಅದು ಯೋಜನೆ.

ಹಾಗಾದರೆ ಯೋಜನೆಗಳಿಗೆ ಹಕ್ಕಿನ ದಾರಿ ನಡೆಯುವುದಿಲ್ಲವೇ? ನಡೆಯುತ್ತದೆ, ಆದರೆ ಬೇರೆ ರೀತಿ. ಯೋಜನೆ ಇರುವ ತನಕ ಅದನ್ನು ಹಂಚುವಾಗ ಭೇದ ಮಾಡುವಂತಿಲ್ಲ. ಯಾರ ಹೆಸರು ಯಾಕೆ ಬಿಟ್ಟುಹೋಯಿತು ಎಂದು ಕೇಳಬಹುದು. ಮಾಹಿತಿ ಹಕ್ಕು 2005ರ ಕಾಯ್ದೆ. 30 ದಿನದಲ್ಲಿ ಉತ್ತರ ಬರಬೇಕು, ಬಿಪಿಎಲ್‌ನವರಿಗೆ ಶುಲ್ಕವೂ ಇಲ್ಲ. ನಮ್ಮ ರಾಜ್ಯದ ಸಕಾಲ 2011ರ ಕಾಯ್ದೆ. ಅದರಲ್ಲಿ ಸೇರಿದ ಸೇವೆಗೆ ಇಷ್ಟು ದಿನ ಎಂದು ಗಡುವಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರ ತನಕ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು. ಆದರೆ ತಡ ಮಾಡಿದ್ದು ತಪ್ಪು ಎಂದು ಸರ್ಕಾರದ ಕಾಗದವೇ ಒಪ್ಪಿಕೊಳ್ಳುತ್ತದೆ. ಜಾತಿ ಪ್ರಮಾಣಪತ್ರಕ್ಕೆ ನಾಲ್ಕು ಸಲ ಅಲೆದ ತಾಯಿಗೆ ಅದು ಸಣ್ಣ ವಿಷಯವಲ್ಲ.

ಇನ್ನು 2005ರ ಉದ್ಯೋಗ ಖಾತ್ರಿ ಕಾಯ್ದೆ. ನಮೂನೆ 6 ತುಂಬಿ ಕೆಲಸ ಕೇಳಿದರೆ 15 ದಿನದಲ್ಲಿ ಕೆಲಸ, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ ಎಂದು ಅದು ಬರೆದಿಟ್ಟಿತು. ಹಕ್ಕು ಎಂದರೆ ಏನು ಎಂದು ಹಳ್ಳಿಯಲ್ಲಿ ಹೇಳಿಕೊಡಲು ನನಗೆ ಅದಕ್ಕಿಂತ ಒಳ್ಳೆಯ ಪಾಠ ಸಿಕ್ಕಿಲ್ಲ. ಕೇಳಿದ ದಿನಾಂಕ, ಅದಕ್ಕೆ ಸ್ವೀಕೃತಿ, ಒಂದು ಗಡುವು, ತಪ್ಪಿದರೆ ಪರಿಹಾರ. ಈ ನಾಲ್ಕೂ ಇದ್ದರೆ ಹಕ್ಕಿಗೆ ಹಲ್ಲಿದೆ ಎಂದು ತಿಳಿಯಿರಿ.

ಕಬ್ಬು ಕಡಿಯುವವರ ಮಕ್ಕಳು

ಕಬ್ಬಿನ ಕಾಲದಲ್ಲಿ ಬಳ್ಳಾರಿ, ವಿಜಯನಗರ ಕಡೆಯಿಂದ ಮಂಡ್ಯಕ್ಕೆ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಗದ್ದೆ ಬಯಲಲ್ಲಿ ಗುಡಾರ. ಅಪ್ಪ ಅಮ್ಮ ಬೆಳಗಿನ ಜಾವಕ್ಕೇ ಗದ್ದೆಗೆ. ದೊಡ್ಡ ಮಗು ಚಿಕ್ಕ ಮಗುವನ್ನು ನೋಡಿಕೊಳ್ಳುತ್ತದೆ. ಈ ಮಕ್ಕಳಿಗೆ ಏನಾದರೂ ಮಾಡಬೇಕು ಎಂದು ಹೊರಡುವವರು ಬಹಳ ಮಂದಿ. ಮೂರು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಇದು ಒಳ್ಳೆಯ ಜಾಗ.

ದಾನದ ದಾರಿಯಲ್ಲಿ ಸ್ವೆಟರ್, ಬಿಸ್ಕತ್ತು, ಪುಸ್ತಕ ಹಂಚುತ್ತಾರೆ. ಚಳಿಯಲ್ಲಿ ಸ್ವೆಟರ್ ಬೇಕೇ ಬೇಕು, ಅದನ್ನು ಹಗುರವಾಗಿ ಕಾಣಬೇಡಿ. ಅಗತ್ಯದ ದಾರಿಯಲ್ಲಿ ಗುಡಾರದ ಪಕ್ಕ ಟೆಂಟ್ ಶಾಲೆ ನಡೆಸುತ್ತಾರೆ. ಅದಕ್ಕೆ ಒಬ್ಬ ಟೀಚರನ್ನು ಇಡುತ್ತಾರೆ, ಮಧ್ಯಾಹ್ನ ಊಟವನ್ನೂ ಕೊಡುತ್ತಾರೆ. ಇದೂ ಒಳ್ಳೆಯದೇ. ಆದರೆ ಸೀಸನ್ ಮುಗಿದು ಊರಿಗೆ ಹೋದಾಗ ಆ ಮಗುವಿನ ಹೆಸರು ಯಾವ ಶಾಲೆಯ ಹಾಜರಿಯಲ್ಲೂ ಇರುವುದಿಲ್ಲ.

ಹಕ್ಕಿನ ದಾರಿಯಲ್ಲಿ ಹೋಗುವವರು ಪಕ್ಕದ ಸರ್ಕಾರಿ ಶಾಲೆಗೆ ಹೋಗುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಎಲ್ಲ ಮಕ್ಕಳದು. ವಲಸೆ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವುದು ಸ್ಥಳೀಯ ಆಡಳಿತದ ಹೊಣೆ ಎಂದು ಅದು ಬಾಯಿಬಿಟ್ಟು ಹೇಳುತ್ತದೆ. ಟಿಸಿ ತಡವಾಯಿತು ಎಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲ ಎಂದೂ ವಾಪಸ್ ಕಳಿಸುವಂತಿಲ್ಲ. ಚಿಕ್ಕವರಿಗೆ ಅಂಗನವಾಡಿ ಇದೆ. ಅಂಗನವಾಡಿ ಇಲ್ಲದ ಕಡೆ ಆರು ವರ್ಷದೊಳಗಿನ 40 ಮಕ್ಕಳಿದ್ದರೆ ಜನ ಕೇಳಿದ ಮೂರು ತಿಂಗಳೊಳಗೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಆದೇಶ ಮಾಡಿದೆ.

ಕಾಗದದಲ್ಲಿ ಇದೆಲ್ಲ ಚೆನ್ನಾಗಿದೆ. ಗುಡಾರದ ಮುಂದೆ ನಿಂತಾಗ ಬೇರೆ ಕಷ್ಟಗಳು ಕಾಣುತ್ತವೆ. ಶಾಲೆ ಎರಡು ಕಿಲೋಮೀಟರ್ ದೂರ, ನಡುವೆ ನಾಲೆ. ಮಗುವನ್ನು ಯಾರು ಕರೆದುಕೊಂಡು ಹೋಗಬೇಕು? ಅಲ್ಲಿ ಹೋದರೆ ಬೇರೆ ಮಕ್ಕಳು ಪಕ್ಕ ಕೂರಿಸಿಕೊಳ್ಳುತ್ತಾರಾ? ತಮ್ಮನನ್ನು ಎತ್ತಿಕೊಂಡೇ ಬರುವ ಎಂಟು ವರ್ಷದ ಹುಡುಗಿಗೆ ಟೀಚರ್ ಏನು ಮಾಡಬೇಕು? ನನ್ನ ಅನುಭವದಲ್ಲಿ ಎರಡೂ ದಾರಿ ಸೇರಿದಾಗಲೇ ಕೆಲಸ ಆಗಿದೆ. ಟೆಂಟ್ ಶಾಲೆ ನಡೆಸಿ, ಆದರೆ ಮೊದಲ ವಾರವೇ ಎಲ್ಲ ಮಕ್ಕಳ ಹೆಸರನ್ನು ಸರ್ಕಾರಿ ಶಾಲೆಯ ದಾಖಲಾತಿಯಲ್ಲಿ ಬರೆಸಿ. ಓಡಾಟಕ್ಕೆ ಆಟೊ ಬೇಕಿದ್ದರೆ ದಾನಿಯ ದುಡ್ಡು ಅದಕ್ಕೆ ಹೋಗಲಿ. ಸೀಸನ್ ಮುಗಿಯುವ ಮುಂಚೆ ಆ ಶಾಲೆಯಿಂದ ಊರಿನ ಶಾಲೆಗೆ ಕಾಗದ ಹೋಗಲಿ. ಹೀಗೆ ಮಾಡಿದರೆ ಟೆಂಟು, ಸರ್ಕಾರಿ ಶಾಲೆಗೆ ಹೋಗುವ ಮೆಟ್ಟಿಲಾಗುತ್ತದೆ. ಇಲ್ಲದಿದ್ದರೆ ಟೆಂಟೇ ಆ ಶಾಲೆಯ ಜಾಗದಲ್ಲಿ ಕೂತುಬಿಡುತ್ತದೆ. ಆಮೇಲೆ ಅಧಿಕಾರಿಗಳಿಗೆ "ಅಲ್ಲಿ ಸಂಸ್ಥೆಯವರು ನೋಡ್ಕೋತಾವ್ರೆ" ಎಂದು ಕೈತೊಳೆದುಕೊಳ್ಳಲು ಸುಲಭ.

ಹಾಡಿಗೆ ಹೋಗುವವರಿಗೆ

ಹೆಗ್ಗಡದೇವನಕೋಟೆ, ಹುಣಸೂರು ಕಡೆ ಜೇನುಕುರುಬ, ಬೆಟ್ಟಕುರುಬ ಆದಿವಾಸಿಗಳು ವಾಸಿಸುವ ಹಾಡಿಗಳಿವೆ. ಮೈಸೂರಿಗೆ ಹತ್ತಿರ. ಹಾಗಾಗಿ ಕಂಬಳಿ ಹಂಚುವವರು, ಹೊಲಿಗೆ ತರಬೇತಿ ಕೊಡುವವರು ಅಲ್ಲಿಗೆ ಜಾಸ್ತಿ ಹೋಗುತ್ತಾರೆ. ಇಲ್ಲಿ ನನ್ನ ಮಾತು ನೇರ. ಹಾಡಿಯಲ್ಲಿ ಭೂಮಿ ಮತ್ತು ಕಾಡಿನ ಪ್ರಶ್ನೆ ಮುಟ್ಟದೆ ಮಾಡುವ ಕೆಲಸ ತಳ ಇಲ್ಲದ ಬಿಂದಿಗೆಗೆ ನೀರು ಹೊಯ್ದ ಹಾಗೆ.

2006ರ ಅರಣ್ಯ ಹಕ್ಕು ಕಾಯ್ದೆ ಅವರಿಗೆ ಮಾಡುವ ಉಪಕಾರವಲ್ಲ. ಹಿಂದೆ ಆದ ಅನ್ಯಾಯವನ್ನು ಸರಿಪಡಿಸಲು ಬಂದದ್ದೆಂದು ಕಾಯ್ದೆಯೇ ತನ್ನ ಪೀಠಿಕೆಯಲ್ಲಿ ಹೇಳಿಕೊಂಡಿದೆ. ಅರ್ಜಿ ಶುರುವಾಗುವುದು ಗ್ರಾಮಸಭೆಯಲ್ಲಿ. ಆಮೇಲೆ ಉಪವಿಭಾಗದ ಸಮಿತಿ, ಕೊನೆಗೆ ಜಿಲ್ಲಾ ಸಮಿತಿ. ಗ್ರಾಮಸಭೆಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದರು, ಅದೂ ಹುಲಿ ಕಾಡಿನಲ್ಲಿ. ಆಗುತ್ತದೆ ಎನ್ನುವುದಕ್ಕೆ ಅದು ಸಾಕ್ಷಿ.

ದುಡ್ಡಿದ್ದವರು ಇಲ್ಲಿ ಏನು ಮಾಡಬಹುದು? ನಕ್ಷೆ ಮಾಡಲು ಜಿಪಿಎಸ್ ಯಂತ್ರ, ದಾಖಲೆ ಜೆರಾಕ್ಸ್, ಹಿರಿಯರನ್ನು ತಾಲ್ಲೂಕು ಕಚೇರಿಗೆ ಕರೆದೊಯ್ಯಲು ಬಸ್ ಚಾರ್ಜು, ಕಾನೂನು ತಿಳಿದ ಒಬ್ಬರ ಸಂಬಳ. ಫೋಟೊದಲ್ಲಿ ಇದು ಚೆನ್ನಾಗಿ ಕಾಣುವುದಿಲ್ಲ. ಕಂಬಳಿಯೂ ಕೊಡಿ, ಚಳಿ ನಿಜ. ಆದರೆ ಅಷ್ಟಕ್ಕೇ ನಿಲ್ಲಬೇಡಿ.

ಗುರಿ ಸರಿ, ದಾರಿ ತಪ್ಪು

ಹಕ್ಕಿನ ಹೆಸರಲ್ಲೇ ತಪ್ಪು ಮಾಡುವ ಅಪಾಯವೂ ಇದೆ. 2023ರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ದಂಧೆ ಹೊರಬಿತ್ತು. ಬೆಲ್ಲ ಕಾಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ. ಸುದ್ದಿ ಓದಿ ನಾವೆಲ್ಲ ಕುಗ್ಗಿಹೋದೆವು. ಆಗ ಏನಾದರೂ ಮಾಡಬೇಕು ಎಂದು ಎಲ್ಲರೂ ಎದ್ದರು. ಕೆಲವರ ಸಲಹೆ ಹೀಗಿತ್ತು: ಊರಲ್ಲಿ ಬಸುರಿ ಹೆಂಗಸರ ಪಟ್ಟಿ ಮಾಡೋಣ, ಎರಡನೇ ಹೆರಿಗೆಯವರ ಮೇಲೆ ಕಣ್ಣಿಡೋಣ, ಗರ್ಭ ಹೋಯಿತೆಂದರೆ ವಿಚಾರಿಸೋಣ.

ಉದ್ದೇಶ ಹೆಣ್ಣುಮಗುವನ್ನು ಉಳಿಸುವುದು. ಆದರೆ ಕಾವಲು ಬೀಳುವುದು ಯಾರ ಮೇಲೆ? ಆ ಮನೆಯಲ್ಲಿ ಮಾತಾಡಲು ಧೈರ್ಯ ಕಡಿಮೆ ಇರುವ ಸೊಸೆಯ ಮೇಲೆ. ಗರ್ಭ ತಾನಾಗಿ ಹೋದರೂ ಆಕೆ ಊರಿಗೆಲ್ಲ ಉತ್ತರ ಹೇಳಬೇಕು. ಕಾನೂನುಬದ್ಧವಾಗಿ, ಕ್ಷೇಮವಾಗಿ ಗರ್ಭಪಾತ ಮಾಡಿಸಿಕೊಳ್ಳಲು 1971ರ ಕಾಯ್ದೆಯಲ್ಲಿ ಅವಕಾಶವಿದೆ, ಅದಕ್ಕೂ ಆಕೆ ಹೆದರಿ ಹೋಗುವುದಿಲ್ಲ. ಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆ ಹೊಣೆ ಹೊರಿಸಿರುವುದು ಸ್ಕ್ಯಾನಿಂಗ್ ಕೇಂದ್ರದ ಮೇಲೆ, ವೈದ್ಯರ ಮೇಲೆ, ಪರಿಶೀಲನೆ ಮಾಡಬೇಕಾದ ಅಧಿಕಾರಿಯ ಮೇಲೆ. ಯಂತ್ರ ನೋಂದಣಿಯಾಗಿದೆಯೇ, ಪ್ರತಿ ಸ್ಕ್ಯಾನಿಗೂ ನಮೂನೆ ತುಂಬಿದ್ದಾರೆಯೇ, ತಪಾಸಣೆ ಎಷ್ಟು ಸಲ ಆಗಿದೆ ಎಂದು ಕೇಳಬೇಕಾದ್ದು ಅಲ್ಲಿ. ಜೊತೆಗೆ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು, ಓದು, ಅವರ ಮದುವೆಯಲ್ಲಿ ವರದಕ್ಷಿಣೆ ಇಲ್ಲದಿರುವುದು. ಇದು ನಿಧಾನದ ಕೆಲಸ. ಆದರೆ ಬೇರೆ ಅಡ್ಡದಾರಿ ಇಲ್ಲ.

ಅದಕ್ಕೇ ನಾನು ಹೇಳುವುದು, ಬಂದ ಫಲವನ್ನು ಮಾತ್ರ ನೋಡಿದರೆ ಸಾಲದು. ಕೆಲಸ ನಡೆದ ರೀತಿಯಲ್ಲಿ ಯಾರ ಮರ್ಯಾದೆ ಹೋಯಿತು ಎಂದೂ ನೋಡಬೇಕು.

ಖರ್ಚು, ಹೊತ್ತು, ಪೆಟ್ಟು

ದಾನಕ್ಕೆ ದುಡ್ಡು ಜಾಸ್ತಿ, ಹೊತ್ತು ಕಡಿಮೆ. ಹಕ್ಕಿನ ಕೆಲಸಕ್ಕೆ ದುಡ್ಡು ಕಡಿಮೆ, ಹೊತ್ತು ಜಾಸ್ತಿ, ಒಳ್ಳೆಯ ಕಾರ್ಯಕರ್ತರು ಇನ್ನೂ ಜಾಸ್ತಿ ಬೇಕು. ಒಂದು ವರ್ಷದ ಸಿಎಸ್‌ಆರ್ ದುಡ್ಡಿಗೆ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ) ಪೂರ್ತಿ ಹಕ್ಕಿನ ಕಾರ್ಯಕ್ರಮ ಹಾಕಿಕೊಂಡು ಬಂದರೆ ನಾನು ಬೇಡ ಎನ್ನುತ್ತೇನೆ. ಜನರನ್ನು ಎಬ್ಬಿಸಿ ಅರ್ಧದಲ್ಲಿ ಕೈಬಿಟ್ಟರೆ ಪೆಟ್ಟು ತಿನ್ನುವವರು ಅವರು. ಗ್ರಾಮಸಭೆಯಲ್ಲಿ ಎದ್ದು ಮಾತಾಡಿದ ಕೂಲಿಯವರಿಗೆ ಮರುದಿನ ಗದ್ದೆಯ ಕೆಲಸಕ್ಕೆ ಕರೆಯದೆ ಇದ್ದದ್ದನ್ನು ಕಣ್ಣಾರೆ ನೋಡಿದ್ದೇನೆ. ಆಗ ಎರಡು ತಿಂಗಳು ಅವರ ಮನೆ ನಡೆಯಲು ಏನು ದಾರಿ ಎಂದು ಮೊದಲೇ ಯೋಚಿಸಿರಬೇಕು. ಒಬ್ಬರನ್ನೇ ಮುಂದೆ ನಿಲ್ಲಿಸಬೇಡಿ. ಅರ್ಜಿ ಸಂಘದ ಹೆಸರಲ್ಲಿ ಹೋಗಲಿ, ಇಪ್ಪತ್ತು ಸಹಿ ಇರಲಿ.

ಅಳತೆಯೂ ಬೇರೆ. ದಾನದಲ್ಲಿ ಎಷ್ಟು ಕಂಬಳಿ ಎಂದು ಎಣಿಸಬಹುದು. ಹಕ್ಕಿನ ಕೆಲಸದಲ್ಲಿ ಕೊನೆಯ ಮನೆಗೆ ಹೋಗಿ ನೋಡಬೇಕು. ನೀರಿನ ಹಕ್ಕಿನ ಬಗ್ಗೆ ವಿಶ್ವಸಂಸ್ಥೆಯ ಸಮಿತಿ 2002ರಲ್ಲಿ ಕೊಟ್ಟ ವಿವರಣೆ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಸಾಕಷ್ಟಿದೆಯಾ? ಕುಡಿದರೆ ತೊಂದರೆ ಇಲ್ಲವಾ? ಬಣ್ಣ, ವಾಸನೆ, ರುಚಿ ಒಪ್ಪುವಂತಿದೆಯಾ? ಕೈಗೆ ಸಿಗುವಷ್ಟು ಹತ್ತಿರ ಇದೆಯಾ? ಕೊಳ್ಳುವ ಶಕ್ತಿಯೊಳಗಿದೆಯಾ? ಈ ಪ್ರಶ್ನೆಗಳನ್ನು ಆ ಕಾಲೊನಿಯ ಕೊನೆಯ ಮನೆಯಲ್ಲಿ, ಅಂಗವಿಕಲ ಮಗನಿರುವ ತಾಯಿಗೆ ಕೇಳಿ. ಅವರ ಉತ್ತರವೇ ನಿಮ್ಮ ವರದಿ.

ಹಕ್ಕಿನ ದಾರಿ ಹಿಡಿಯಬಾರದ ಹೊತ್ತೂ ಇದೆ. ಹೊಳೆ ಉಕ್ಕಿ ಮನೆಗೆ ನುಗ್ಗಿದೆ, ಗುಡಿಸಲಿಗೆ ಬೆಂಕಿ ಬಿದ್ದಿದೆ, ಮಗು ಹಸಿದಿದೆ. ಆಗ ಯಾರ ಹೊಣೆ ಎಂದು ಕೂರಬೇಡಿ, ಅನ್ನ ಕೊಡಿ. ಕೊಡುವಾಗ ಸಾಲಿನಲ್ಲಿ ಯಾರು ಹಿಂದೆ ನಿಂತಿದ್ದಾರೆ ಎಂದು ನೋಡಿ, ಅಷ್ಟು ಸಾಕು. ಕಾನೂನು ಇನ್ನೂ ಮುಟ್ಟದ ವಿಷಯಗಳೂ ಇವೆ. ಮಕ್ಕಳ ನಾಟಕ, ಬೆಟ್ಟದ ಮೇಲೆ ದನ ಹಕ್ಕಿಗಳಿಗೆ ಕಟ್ಟೆ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಾ ಕಟ್ಟೆಗಳನ್ನು ತೋಡಿದಾಗ ಯಾರ ಹಕ್ಕು, ಯಾರ ಹೊಣೆ ಎಂದು ಕೇಳಲಿಲ್ಲ. ಅಂಥ ಕೊಡುಗೆಯ ಮುಂದೆ ಕೈಮುಗಿಯುತ್ತೇನೆ. ಆದರೆ ಕಾಯ್ದೆ ಕೊಟ್ಟಿರುವುದನ್ನು ನಿಮ್ಮ ಕಿಸೆಯಿಂದ ಕೊಡಲು ಹೋಗಬೇಡಿ. ಅಲ್ಲಿ ಕೊಟ್ಟರೆ ಕೊಡಬೇಕಾದವರ ಕೈ ಸಡಿಲವಾಗುತ್ತದೆ.

ಈ ವರ್ಷವೂ ಒಂದು ಕರೆ ಬಂತು. ಮೈಸೂರಿನವರು. ನಾಗಮಂಗಲ ಕಡೆಯ ಒಂದು ಊರಿಗೆ ಶುದ್ಧ ನೀರಿನ ಘಟಕ ಕೊಡಬೇಕಂತೆ. ನಾನು ಅವರಿಗೆ ಮೊದಲು ಪಂಚಾಯಿತಿಗೆ ಹೋಗಿ ಈ ವರ್ಷದ ಕ್ರಿಯಾ ಯೋಜನೆಯ ಪ್ರತಿ, ನೀರು ಪರೀಕ್ಷೆಯ ವರದಿ ತರಲು ಹೇಳಿದೆ. ಆಮೇಲೆ ಒಂದು ಬೆಳಿಗ್ಗೆ ಐದೂವರೆಗೆ ಆ ಊರಿನ ನೀರುಗಂಟಿಯ ಜೊತೆ ನಡೆದು, ಅವರು ಯಾವ ವಾಲ್ವ್ ಎಷ್ಟು ಹೊತ್ತು ತಿರುಗಿಸುತ್ತಾರೆ ಎಂದು ಬರೆದುಕೊಂಡು ಬನ್ನಿ ಎಂದೆ. ಮುಂದಿನ ಸೋಮವಾರ ಹೋಗುತ್ತಾರಂತೆ. ನಾನೂ ಜೊತೆಗೆ ಹೊರಟಿದ್ದೇನೆ.